ಗೋಡೆ ದಪ್ಪ ಮಾಡಿಸಿ ಕಲಿತದ್ದು

ಹುಬ್ಬಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಗೋಕುಲ ರಸ್ತೆ ಕಡೆ ಒಂದು ಹಳೇ ಮನೆ. ಆ ಮನೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ತೊಟ್ಟಿಲ ಪಕ್ಕದ ಗೋಡೆಯೊಳಗೇ ಗೀಸರ್ ಲೈನು. "ಗ್ವಾಡ್ಯಾಗ ಕರೆಂಟ್ ಹೊಂಟೈತಿ, ಕೂಸಿಗೆ ಏನೂ ಆಗಂಗಿಲ್ಲೇನ್ರಿ?" ಎಂದು ಅಜ್ಜಿ ಕೇಳಿದರು.

ಕರೆಂಟು ಹರಿಯುವ ವೈರಿನ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅದನ್ನು ಮೈಕ್ರೊಟೆಸ್ಲಾದಲ್ಲಿ ಅಳೆಯುವ ಗಾಸ್ ಮೀಟರ್ ಹಿಡಿದೆ. ಗೀಸರ್ ಹಾಕಿದಾಗ ತೊಟ್ಟಿಲ ಹತ್ತಿರ ಸುಮಾರು 6 ಮೈಕ್ರೊಟೆಸ್ಲಾ. 2010ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಜನಸಾಮಾನ್ಯರಿಗೆ ಇಟ್ಟ ಮಿತಿ 200. ಹೆದರಬೇಡ್ರಿ ಅಂದೆ. ಅಜ್ಜಿಗೆ ಸಮಾಧಾನ ಆಗಲಿಲ್ಲ. ಮೊಬೈಲ್ ಸಿಗ್ನಲ್ ಗೋಡೆಗೆ ಕುಂದುತ್ತದಲ್ವಾ, ಇದೂ ಹಾಗೇ ಅಂದುಕೊಂಡು ಒಳಗಿನಿಂದ ಇನ್ನೊಂದು ಇಟ್ಟಂಗಿ ಗೋಡೆ ಕಟ್ಟಿಸಲು ಹೇಳಿಬಿಟ್ಟೆ.

ಪ್ಲಾಸ್ಟರ್ ಸೇರಿ ಐದು ಇಂಚಿನ ಗೋಡೆ ಎದ್ದಿತು. ತೊಟ್ಟಿಲು ಅಷ್ಟೇ ಹಿಂದೆ ಸರಿಯಿತು. 6 ಇದ್ದದ್ದು 4ಕ್ಕೆ ಇಳಿದಿತ್ತು. ಗೋಡೆ ಕೆಲಸ ಮಾಡಿತು ಅನ್ನಿಸಿತು.

ಆದರೆ ಅದೇ ಲೈನಿನ ಪೈಪು ಬಾಲ್ಕನಿಯಲ್ಲಿ ಗೋಡೆಯ ಹೊರಗೆ ಹಾದುಹೋಗಿತ್ತು. ನಡುವೆ ಬರೀ ಗಾಳಿ. ಅಷ್ಟೇ ದೂರದಲ್ಲಿ ಮೀಟರ್ ಹಿಡಿದೆ. ಅಲ್ಲೂ 4! ಇಳಿಸಿದ್ದು ಇಟ್ಟಂಗಿ ಅಲ್ಲ, ಐದು ಇಂಚಿನ ದೂರ. ಇಟ್ಟಂಗಿ, ಸಿಮೆಂಟು, ಕಟ್ಟಿಗೆ ಯಾವುದಕ್ಕೂ ಕಾಂತಕ್ಷೇತ್ರ ಗೊತ್ತೇ ಆಗುವುದಿಲ್ಲ. ನೇರ ದಾಟಿಹೋಗುತ್ತದೆ.

"ಕೆಂಪುಕಲ್ಲಿನ್ಯಾಗ ಕಬ್ಬಿಣ ಇರ್ತೈತಲ್ರಿ, ಅದನ್ನ ಹಾಕಿದ್ರ?" ಎಂದು ಮನೆಯ ಮಗ ಕೇಳಿದ. ಒಳ್ಳೇ ಪ್ರಶ್ನೆ. ಆದರೆ ಅದರಲ್ಲಿರುವುದು ತುಕ್ಕಿನಂಥ ಕಬ್ಬಿಣ. ಆಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಉಕ್ಕಿನ ಮಾತೇ ಬೇರೆ, ಅದು ಕ್ಷೇತ್ರವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ 40 ಮೈಕ್ರೊಟೆಸ್ಲಾ ಆಸುಪಾಸು. ಪಿಲ್ಲರ್‌ನ ಸರಳು ಅದನ್ನೂ ತಿರುಚುತ್ತದೆ. ವಾಸ್ತು ನೋಡಲು ದಿಕ್ಸೂಚಿಯನ್ನು ಪಿಲ್ಲರ್ ಪಕ್ಕ ಇಡಬೇಡಿ, ಉತ್ತರ ದಿಕ್ಕೇ ತಪ್ಪಿಹೋಗುತ್ತದೆ. ಹಾಗಂತ ಸರಳು ಇಡೀ ಕೋಣೆಗೆ ರಕ್ಷಣೆ ಅಲ್ಲ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಜಾಸ್ತಿ ಆಗಬಹುದು.

ಹಾಗಾದರೆ ಆ 6 ಬಂದದ್ದು ಎಲ್ಲಿಂದ? ಅದನ್ನು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು. ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದೆ. ಪೈಪಿನಲ್ಲಿ ಕರೆಂಟು ತರುವ ಫೇಸ್ ವೈರ್ ಒಂದೇ ಇತ್ತು. ಹಿಂದೆ ಯಾರೋ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ಅನ್ನು ಹಾಲ್‌ನ ಲೈನಿನಿಂದ ಎತ್ತಿದ್ದರು. ಎರಡೂ ವೈರ್ ಜೊತೆಗಿದ್ದರೆ ಹೋಗುವ ಕರೆಂಟು, ಬರುವ ಕರೆಂಟು ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತವೆ. ಇಲ್ಲಿ ಒಂದು ಈ ಗೋಡೆಯಲ್ಲಿ, ಇನ್ನೊಂದು ಆಚೆ ಗೋಡೆಯಲ್ಲಿ. ಗೀಸರ್ ಲೈನಿಗೇ ಪ್ರತ್ಯೇಕ ಆರ್‌ಸಿಸಿಬಿ (ಹೋಗುವ, ಬರುವ ಕರೆಂಟು ಸಮ ಇಲ್ಲದಿದ್ದರೆ ಲೈನ್ ಕಡಿಯುವ ಸ್ವಿಚ್) ಇದ್ದಿದ್ದರೆ ಇಂಥ ತಪ್ಪಿಗೆ ಟ್ರಿಪ್ ಆಗಿ ಮೊದಲೇ ಸಿಕ್ಕಿಬೀಳುತ್ತಿತ್ತೇನೋ. ಆ ಮನೆಯಲ್ಲಿ ಇರಲಿಲ್ಲ.

ಎರಡೂ ವೈರ್ ಒಂದೇ ಪೈಪಿನಲ್ಲಿ ಎಳೆದೆ. ಅರ್ಧ ದಿನದ ಕೆಲಸ. ಗೀಸರ್ ಹಾಕಿ ಅಜ್ಜಿಯ ಕೈಗೇ ಮೀಟರ್ ಕೊಟ್ಟೆ. 0.2 ಸಹ ದಾಟಲಿಲ್ಲ.

ಆ ಗೋಡೆ ಈಗಲೂ ಇದೆ. ಕೋಣೆ ಇಕ್ಕಟ್ಟಾಗಿ ಕಪಾಟಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಗೌಂಡಿಯ ಕೂಲಿಯನ್ನು ನನ್ನ ಬಿಲ್ಲಿನಲ್ಲಿ ಮುರಿದುಕೊಂಡೆ.