ಹೊಟ್ಟೆಯ ಸಿಟಿ: ಮಂಕಾದ ಪೋರ್ಟಲ್ ಫೇಸ್ ಸರಿಪಡಿಸುವ ಕೆಲಸ ಎಲ್ಲಿಗೆ ಬಂತು

ಅಳತೆ

ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ರಕ್ತನಾಳಕ್ಕೆ ಕೊಟ್ಟು ಸುಮಾರು 70 ಸೆಕೆಂಡಿಗೆ ತೆಗೆಯುವ, ಲಿವರ್ ಚೆನ್ನಾಗಿ ಬೆಳಗಬೇಕಾದ ಸ್ಕ್ಯಾನೇ ಪೋರ್ಟಲ್ ಫೇಸ್; ನಮ್ಮಲ್ಲಿ ಅದು ಮಂಕಾಗಿ ಬರುತ್ತಿತ್ತು. ಕಣ್ಣಂದಾಜು ಬಿಟ್ಟದ್ದೇ ಮೊದಲ ಬದಲಾವಣೆ. ಪ್ಲೇನ್ (ಕಾಂಟ್ರಾಸ್ಟ್ ಕೊಡದ ಸ್ಕ್ಯಾನ್) ಮತ್ತು ಪೋರ್ಟಲ್ ಎರಡರಲ್ಲೂ ಲಿವರ್‌ನ ಬಲ ಭಾಗದಲ್ಲಿ, ರಕ್ತನಾಳ ತಪ್ಪಿಸಿ, ಒಂದೇ ಜಾಗದಲ್ಲಿ ಆರ್‌ಒಐ (ಅಳೆಯಲು ಚಿತ್ರದ ಮೇಲೆ ಗುರುತಿಸುವ ಜಾಗ) ಇಟ್ಟು ವ್ಯತ್ಯಾಸ ಬರೆದಿಡುತ್ತಿದ್ದೇವೆ. ಗುರಿ: ಕನಿಷ್ಠ 50 ಎಚ್‌ಯು (ಹೌನ್ಸ್‌ಫೀಲ್ಡ್ ಯೂನಿಟ್, ಸಿಟಿ ಚಿತ್ರದ ಬೆಳಕಿನ ಅಳತೆ) ಏರಿಕೆ. ಪೋರ್ಟಲ್ ಫೇಸಿನ ಸಂಖ್ಯೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಫ್ಯಾಟಿ ಲಿವರ್ ಮೊದಲೇ ಕಪ್ಪಗಿರುತ್ತದೆ, ಏರಿಕೆ ಸರಿಯಾಗಿದ್ದರೂ ಮಂಕಾಗಿಯೇ ಕಾಣುತ್ತದೆ. ಪ್ಲೇನ್ ಹೇಗೂ ತೆಗೆಯುವವರಲ್ಲಷ್ಟೇ ಈ ಲೆಕ್ಕ. ಬರೀ ಈ ಅಳತೆಗಾಗಿ ಯಾರಿಗೂ ಹೆಚ್ಚುವರಿ ರೇಡಿಯೇಷನ್ ಕೊಡುವಂತಿಲ್ಲ.

ಡೋಸ್

ತೊಂದರೆಯ ಬೇರು ಇದ್ದದ್ದು ಇಲ್ಲಿ. ಎಲ್ಲರಿಗೂ 350 ಸಾಂದ್ರತೆಯ (ಮಿಲಿಗೆ 350 ಮಿಗ್ರಾಂ ಅಯೋಡಿನ್) ಕಾಂಟ್ರಾಸ್ಟ್ 100 ಮಿಲಿ, ಅಂದರೆ 35 ಗ್ರಾಂ ಅಯೋಡಿನ್ ಕೊಡುತ್ತಿದ್ದೆವು. 45 ಕೆಜಿಯವರಿಗೆ ಕೆಜಿಗೆ 778 ಮಿಗ್ರಾಂ ಸಿಕ್ಕರೆ 90 ಕೆಜಿಯವರಿಗೆ ಬರೀ 389. ಒಬ್ಬರಿಗೆ ಅನಗತ್ಯ ಹೊರೆ, ಇನ್ನೊಬ್ಬರಿಗೆ ಮಂಕು ಲಿವರ್.

ಈಗ ಕೆಜಿಗೆ 520 ಮಿಗ್ರಾಂ. 60 ಕೆಜಿಗೆ 31.2 ಗ್ರಾಂ, ಸುಮಾರು 89 ಮಿಲಿ. ಇಂಜೆಕ್ಷನ್ ಅವಧಿ ಯಾವಾಗಲೂ 30 ಸೆಕೆಂಡ್, ಹಾಗಾಗಿ ಫ್ಲೋ ಸೆಕೆಂಡಿಗೆ 3 ಮಿಲಿ. ಅವಧಿ ಕಟ್ಟಿಹಾಕುವುದು ಯಾಕೆಂದರೆ, 100 ಮಿಲಿಯನ್ನು 2 ಮಿಲಿ ವೇಗದಲ್ಲಿ ಬಿಟ್ಟರೆ 50 ಸೆಕೆಂಡ್ ಹಿಡಿಯುತ್ತದೆ, ಪೀಕ್ (ಲಿವರ್ ಅತಿ ಹೆಚ್ಚು ಬೆಳಗುವ ಕ್ಷಣ) ತಡವಾಗುತ್ತದೆ. ಆದರೆ ಸ್ಕ್ಯಾನ್ ಮಾತ್ರ ಶುರುವಿನಿಂದ 70ನೇ ಸೆಕೆಂಡಿಗೇ ಓಡುತ್ತದೆ. 90 ಕೆಜಿಗೆ 134 ಮಿಲಿ, 4.5 ಮಿಲಿ ವೇಗ ಬರುತ್ತದೆ. ಇದಕ್ಕೆ ಮೊಣಕೈ ಮಡಿಕೆಯ ಅಭಿಧಮನಿಯಲ್ಲಿ 18 ಅಥವಾ 20 ಗೇಜ್ ಕ್ಯಾನುಲಾ ಬೇಕು. ಅಂಗೈ ಹಿಂಭಾಗದಲ್ಲಿ ಇನ್ನೂ ಸಣ್ಣ 22 ಗೇಜ್ ಇದ್ದರೆ ವೇಗ ಇಳಿಸಬೇಕು, ಇಲ್ಲವಾದರೆ ಪ್ರೆಷರ್ ಲಿಮಿಟ್ ಮುಟ್ಟಿ ಇಂಜೆಕ್ಟರ್ ತಾನೇ ನಿಧಾನಿಸುತ್ತದೆ, ಅಥವಾ ಕಾಂಟ್ರಾಸ್ಟ್ ಅಂಗಾಂಶಕ್ಕೆ ಸೋರುತ್ತದೆ. ಬೊಜ್ಜು ಹೆಚ್ಚಿದ್ದವರಿಗೆ ಒಟ್ಟು ತೂಕ ಹಿಡಿದರೆ ಡೋಸ್ ಅತಿಯಾಗುತ್ತದೆ: ಕೊಬ್ಬಿಗೆ ರಕ್ತ ಹರಿಯುವುದು ಕಡಿಮೆ. ಅಲ್ಲಿ ಲೀನ್ ತೂಕವೇ (ಕೊಬ್ಬು ಬಿಟ್ಟ ತೂಕ) ಸರಿ.

ಕಾಂಟ್ರಾಸ್ಟನ್ನು 37 ಡಿಗ್ರಿಗೆ ಬೆಚ್ಚಗಾಗಿಸಿದರೆ ಅದರ ಸ್ನಿಗ್ಧತೆ (ದ್ರವದ ಮಂದತನ) ಇಳಿದು ಪ್ರೆಷರೂ ತಗ್ಗುತ್ತದೆ. ಕೊನೆಗೆ ಅದೇ ವೇಗದಲ್ಲಿ 30–40 ಮಿಲಿ ಸಲೈನ್. ಇಲ್ಲದಿದ್ದರೆ ಕೊನೆಯ ಭಾಗದ ಕಾಂಟ್ರಾಸ್ಟ್ ಟ್ಯೂಬಿನಲ್ಲೂ ತೋಳಿನಲ್ಲೂ ನಿಂತೇಬಿಡುತ್ತದೆ.

ಟೈಮಿಂಗ್

ಹೃದಯದ ಪಂಪಿಂಗ್ ಕಡಿಮೆಯಿದ್ದವರಲ್ಲಿ 70 ಸೆಕೆಂಡ್ ಕೈಕೊಡುತ್ತದೆ. ಹೆಪಾಟಿಕ್ ವೇನ್‌ಗಳು (ಲಿವರ್‌ನಿಂದ ರಕ್ತ ಹೊರಗೊಯ್ಯುವ ಅಭಿಧಮನಿಗಳು) ತುಂಬದೆ ಕಪ್ಪಗೆ ಉಳಿದಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಗ ಓಡಿದೆ ಎಂದೇ ಅರ್ಥ. ಅದಕ್ಕೇ ಬೋಲಸ್ ಟ್ರ್ಯಾಕಿಂಗ್, ಅಂದರೆ ಕಾಂಟ್ರಾಸ್ಟ್ ಬಂದದ್ದು ನೋಡಿ ಸ್ಕ್ಯಾನ್ ಓಡಿಸುವುದು: ಡಯಾಫ್ರಂ ಮಟ್ಟದ ಅಯೋರ್ಟಾದಲ್ಲಿ (ಮಹಾಪಧಮನಿ) ಆರ್‌ಒಐ, 150 ಎಚ್‌ಯು ದಾಟಿ ಟ್ರಿಗರ್ ಆದ ಮೇಲೆ ಸುಮಾರು 50 ಸೆಕೆಂಡಿಗೆ ಸ್ಕ್ಯಾನ್. ಆರ್‌ಒಐ ಗೋಡೆಯ ಕ್ಯಾಲ್ಸಿಯಂ ಮೇಲೆ ಕೂತರೆ ಕಾಂಟ್ರಾಸ್ಟ್ ಬರುವ ಮೊದಲೇ ಟ್ರಿಗರ್ ಆಗುತ್ತದೆ. ಉಸಿರಿಗೆ ಅಯೋರ್ಟಾ ಸರಿದರೆ ಟ್ರಿಗರ್ ಆಗುವುದೇ ಇಲ್ಲ, ಆಗ ಕೈಯಿಂದಲೇ ಒತ್ತಬೇಕು.

ಬಾಕಿ

ಕೆವಿಪಿಯನ್ನು (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್) 120ರಿಂದ 100ಕ್ಕೆ ಇಳಿಸುವುದು. ಅಯೋಡಿನ್‌ನ ಕೆ-ಎಡ್ಜ್ (ಅದು ಕಿರಣಗಳನ್ನು ಒಮ್ಮೆಲೇ ಹೆಚ್ಚು ಹೀರತೊಡಗುವ ಶಕ್ತಿಮಟ್ಟ) 33.2 ಕೆಇವಿ, ಕೆವಿಪಿ ಇಳಿದಷ್ಟೂ ಕಿರಣಗಳ ಸರಾಸರಿ ಶಕ್ತಿ ಅದಕ್ಕೆ ಹತ್ತಿರವಾಗಿ ಅಷ್ಟೇ ಕಾಂಟ್ರಾಸ್ಟ್ ಹೆಚ್ಚು ಬೆಳಗುತ್ತದೆ. ನಾಯ್ಸ್ (ಚಿತ್ರದಲ್ಲಿನ ಕಣಕಣ) ಕೂಡ ಏರುತ್ತದೆ, ದಪ್ಪ ದೇಹದಲ್ಲಂತೂ ವಿಪರೀತ. ಶುರು ತೆಳ್ಳಗಿನವರಿಂದ. ಬದಲಿಸಿದ ದಿನವೇ ಟ್ರಿಗರ್ ಮಿತಿಯನ್ನೂ ವಿಂಡೋವನ್ನೂ (ಚಿತ್ರ ತೋರಿಸುವ ಕಪ್ಪು-ಬಿಳುಪಿನ ವ್ಯಾಪ್ತಿ) ಹೊಂದಿಸಬೇಕು, 120ರ ಅಳತೆಗಳ ಜೊತೆ ಒಂದೇ ಪಟ್ಟಿಯಲ್ಲಿ ಬೆರೆಸಬಾರದು.