ಕೊಡೆಗೆ ಸಿಕ್ಕಿಸಿದ ಬಯೋಡೇಟಾ

ಪುಣೆ ಹತ್ತಿರದ ಚಾಕಣ್‌ನ ನಮ್ಮ ಫ್ಯಾಕ್ಟರಿಗೆ ಹೊಸ ಮಶೀನ್ ಕೂರಿಸಲು ಶಾಂಘೈಯಿಂದ ಮೂವರು ಬಂದಿದ್ದರು. ಇಬ್ಬರು ಐವತ್ತು ದಾಟಿದವರು, ಒಬ್ಬಳು ಮೂವತ್ತೆರಡರ ಇಂಜಿನಿಯರ್. ಇಂಗ್ಲಿಷ್ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಹಾಗಾಗಿ ಊಟಕ್ಕೆ ನನ್ನ ಎದುರೇ ಕೂರುತ್ತಿದ್ದಳು.

ಒಂದು ದಿನ ಫೋನಿನಲ್ಲಿ ಫೋಟೋ ತೋರಿಸಿದಳು. ಶಾಂಘೈಯ ಪೀಪಲ್ಸ್ ಪಾರ್ಕ್. ನೆಲದ ಮೇಲೆ ಸಾಲಾಗಿ ಬಿಚ್ಚಿಟ್ಟ ಕೊಡೆಗಳು, ಒಂದೊಂದಕ್ಕೂ ಕ್ಲಿಪ್ ಹಾಕಿ ಸಿಕ್ಕಿಸಿದ ಹಾಳೆ: ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಫ್ಲ್ಯಾಟ್ ಇದೆಯೋ ಇಲ್ಲವೋ. ಶನಿವಾರ, ಭಾನುವಾರ ಅಪ್ಪ ಅಮ್ಮಂದಿರು ಮಕ್ಕಳಿಗೆ ಸಂಬಂಧ ಹುಡುಕಲು ಹೋಗಿ ಕೂರುತ್ತಾರೆ, ಮಕ್ಕಳು ಅತ್ತ ಸುಳಿಯುವುದೂ ಅಪರೂಪ. ಅದರಲ್ಲೊಂದು ಕೊಡೆ ಇವಳ ಅಮ್ಮನದು. "ನನ್ನ ಕೇಳದೆ ಎರಡು ಸೆಂಟಿಮೀಟರ್ ಜಾಸ್ತಿ ಬರೆದಿದ್ದಾಳೆ" ಅಂತ ಸಿಟ್ಟು.

ನನಗೆ ಪುಣೆಯ ಕೋಥ್ರೂಡಿನ ನಮ್ಮ ಮೌಶಿ, ಅಂದರೆ ಅಮ್ಮನ ಸೋದರಿ, ನೆನಪಾದಳು. ಯಾರದೇ ಮುಂಜಿ, ಮದುವೆ ಇರಲಿ, ಅವಳ ಚೀಲದಲ್ಲಿ ಮಗನ ಕುಂಡಲಿಯ ನಾಲ್ಕು ಝೆರಾಕ್ಸ್ ಇದ್ದೇ ಇರುತ್ತವೆ. ಕೊಡೆ ಬಿಚ್ಚುವುದಿಲ್ಲ, ಅಷ್ಟೇ.

ಆದರೆ ಅಮ್ಮಂದಿರೆಲ್ಲ ಒಂದೇ ಬಿಡು ಅಂತ ನಕ್ಕು ಸುಮ್ಮನಾಗಲು ಆಗಲಿಲ್ಲ. ಇವಳ ಅಮ್ಮನಿಗೆ ಇನ್ನೊಂದು ಮಗು ಬೇಕಿತ್ತಂತೆ. 1980ರ ಹೊತ್ತಿಗೆ ದೇಶಕ್ಕೆಲ್ಲ ಬಂದ ಒಂದೇ ಮಗುವಿನ ನಿಯಮ ಆಗಿನ್ನೂ ಬಿಗಿಯಾಗಿತ್ತು. ಮೀರಿದರೆ ದಂಡ, ಸರ್ಕಾರಿ ಕೆಲಸದವರಿಗೆ ಕೆಲಸಕ್ಕೇ ಕುತ್ತು. ಆಸೆ ನುಂಗಿಕೊಂಡಳು. 2016ರಲ್ಲಿ ಎರಡು ಆಗಬಹುದು ಅಂದರು, 2021ರಲ್ಲಿ ಮೂರೂ ಆಗಬಹುದು ಅಂದರು. "ಅಮ್ಮನಿಗೆ ಬೇಡ ಅಂದವರೇ ನನಗೆ ಹೆರು ಅಂತಾರೆ" ಅಂದಳು, ಅನ್ನಕ್ಕೆ ಮೊಸರು ಕಲಸುತ್ತಾ.

ತಮಾಷೆ ನೋಡಿ, ಮಗಳು ಹೀಗೆ ಎದುರು ಮಾತಾಡುವಂತಾಗಿದ್ದರಲ್ಲಿ ಆ ನಿಯಮದ ಪಾಲೂ ಇದೆ. ಪೇಟೆಯ ಮನೆಗಳಲ್ಲಿ ಪಾಲಿಗೆ ಬರಲು ಅಣ್ಣ ತಮ್ಮ ಇಲ್ಲದೆ ಇದ್ದ ದುಡ್ಡೆಲ್ಲ ಮಗಳ ಓದಿಗೇ ಹೋಯಿತು. (ಹಳ್ಳಿಗಳ ಕತೆ ಬೇರೆ. ಅಲ್ಲಿ ಗಂಡೇ ಬೇಕು ಅಂತ ಹೆಣ್ಣನ್ನು ಹೊಟ್ಟೆಯಲ್ಲೇ ತೆಗೆಸಿದರು, ಈಗ ಗಂಡುಗಳಿಗೆ ಹೆಣ್ಣು ಸಿಗುತ್ತಿಲ್ಲ. ನಮಗೇನೂ ಹೊಸದಲ್ಲ ಅಲ್ವಾ.) ಓದಿ, ದುಡಿದು, ಇಪ್ಪತ್ತೇಳು ದಾಟಿದ ಹುಡುಗಿಗೆ ಆಮೇಲೆ ಸರ್ಕಾರದವರೇ 'ಷೆಂಗ್ ನ್ಯೂ' ಅಂತ ಹೆಸರಿಟ್ಟರು. ಅಂದರೆ ಉಳಿದುಹೋದವಳು. ಹೆಸರಿಟ್ಟದ್ದಕ್ಕೆ ಯಾರೂ ಹೆದರಿದಂತಿಲ್ಲ: 2013ರಲ್ಲಿ ಚೀನಾದಲ್ಲಿ ಸುಮಾರು 1.35 ಕೋಟಿ ಮದುವೆ ನೋಂದಣಿಯಾಗಿದ್ದವು, 2024ರಲ್ಲಿ ಬರೀ 61 ಲಕ್ಷ.

ಸಂಜೆ ಆರಕ್ಕೆ ಇವಳು ಲ್ಯಾಪ್‌ಟಾಪ್ ಮುಚ್ಚಿದರೆ ಆ ಇಬ್ಬರು ಹಿರಿಯರು ಮುಖ ಸಿಂಡರಿಸುತ್ತಿದ್ದರು. ರಾತ್ರಿ ಎಂಟಾದರೂ ಅವರ ಕೈಯಲ್ಲಿ ಸ್ಪ್ಯಾನರ್. "ನನಗೆ ತಾಂಗ್ ಪಿಂಗ್ ರೋಗ ಅಂತಾರೆ" ಅಂತ ನಕ್ಕಳು. ತಾಂಗ್ ಪಿಂಗ್ ಅಂದರೆ ಅಂಗಾತ ಮಲಗಿಬಿಡುವುದು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ದುಡಿದು ಸಾಕಾದ ಹುಡುಗರು 2021ರಲ್ಲಿ ಹಿಡಿದ ಮಾತು ಅದು. ನನಗಂತೂ ಅದು ರೋಗ ಅನ್ನಿಸಲಿಲ್ಲ.

ಹೊರಡುವ ದಿನ ಕೇಳಿದಳು, ಮೌಶಿಯ ಮಗನ ಎತ್ತರ ಎಷ್ಟು?

ಐದು ಅಡಿ ಎಂಟು ಇಂಚು ಅಂದೆ.

"ಅಳೆದದ್ದೋ, ಹಾಳೆಯಲ್ಲಿ ಬರೆದದ್ದೋ?"