ಮಂಡ್ಯದಿಂದ ಮೈಸೂರಿಗೆ ಬ್ಯಾಂಡ್ ಶೋ ನೋಡಲು ಹೊರಟವರು ಇದನ್ನು ಓದಿ ಹೋಗಿ

ಮೈಸೂರಿನ ರಿಂಗ್ ರೋಡ್ ಪಕ್ಕದ ಒಂದು ಮೈದಾನದಲ್ಲಿ ನಡೆದ ಬ್ಯಾಂಡ್ ಶೋಗೆ ನಾನು, ನನ್ನ ಅಕ್ಕನ ಮಗಳು ಮಂಡ್ಯದಿಂದ ಹೋಗಿ ಬಂದೆವು. ಬ್ಯಾಂಡಿನ ಹೆಸರು ಬೇಡ. ಈ ವರ್ಷ ಯಾರ ಫೋನ್ ತೆಗೆದರೂ ಅವರದ್ದೇ ಹಾಡು, ಬಸ್‌ನಲ್ಲಿ ಅದೇ, ಮದುವೆ ಮನೆಯಲ್ಲೂ ಅದೇ. ಆ ಹಾಡುಗಳು ನನಗೂ ತುಂಬಾ ಇಷ್ಟ, ಅದಕ್ಕೇ ಬೇಜಾರೂ ಜಾಸ್ತಿ. ಶೋ ಚೆನ್ನಾಗಿರಲಿಲ್ಲ. ಆದರೆ ಇಂಥವು ಇನ್ನೂ ಬರುತ್ತವೆ, ನೀವೂ ಹೋಗೇ ಹೋಗುತ್ತೀರಿ, ಹಾಗಾಗಿ ದಾರಿಯಿಂದ ಹಿಡಿದು ಎಲ್ಲಿ ನಿಲ್ಲಬೇಕು ಅನ್ನುವವರೆಗೆ ಎಲ್ಲ ಬರೆಯುತ್ತೇನೆ.

ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ಹೋಗುವಾಗ ರೈಲೇ ಒಳ್ಳೆಯದು, ಟಿಕೆಟ್ ಕಡಿಮೆ, ಟ್ರಾಫಿಕ್ ತಲೆನೋವಿಲ್ಲ. ಕಾರಲ್ಲಿ ಹೋದರೆ ಗಣಂಗೂರಿನಲ್ಲಿ ಟೋಲ್ ಕಟ್ಟಬೇಕು. ಬೈಕಲ್ಲಿ ಹೋಗುವ ಹುಡುಗರು ನೆನಪಿಡಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ರಾತ್ರಿ ವಾಪಸ್ ಬರುವಾಗ ಸುಸ್ತಾಗಿರುತ್ತೀರಿ, ಸುಮ್ನೆ ಬೈಕ್ ಬೇಡ.

ಊಟ ಮುಗಿಸಿಕೊಂಡೇ ಮೈದಾನಕ್ಕೆ ಹೋಗಿ. ನಾವು ನಜರಬಾದಿನಲ್ಲಿ ಮೈಲಾರಿ ದೋಸೆ ತಿಂದು ಹೋದೆವು. ಬೆಣ್ಣೆ ಹಾಕಿದ ಮೆತ್ತನೆ ದೋಸೆ, ಇವತ್ತಿನ ದಿನದಲ್ಲಿ ದುಡ್ಡಿಗೆ ಮೋಸ ಇಲ್ಲದೆ ಸಿಕ್ಕಿದ್ದು ಅದು. ಮೈದಾನದ ಒಳಗೆ ನೀರಿನ ಬಾಟಲಿ ಬಿಡಲಿಲ್ಲ, ಒಳಗಿನ ಸ್ಟಾಲಿನಲ್ಲಿ ಎಲ್ಲದಕ್ಕೂ ಹೊರಗಿನದಕ್ಕಿಂತ ತುಂಬಾ ಜಾಸ್ತಿ ರೇಟು.

ಇನ್ನು ಶೋ ವಿಷಯ. ಟಿಕೆಟ್ಟಿನಲ್ಲಿ ಸಂಜೆ ಆರು ಅಂತ ಇತ್ತು. ಆರಕ್ಕೆ ಡಿಜೆ ಬಂದ. ಏಳಕ್ಕೂ ಡಿಜೆ. ಆಮೇಲೆ ಪ್ರಾಯೋಜಕರ ಜಾಹೀರಾತು, ಲಕ್ಕಿ ಡ್ರಾ, ಮತ್ತೆ ಡಿಜೆ. ಬ್ಯಾಂಡ್ ವೇದಿಕೆಗೆ ಬಂದಾಗ ಎಂಟೂವರೆ ದಾಟಿತ್ತು. ಇದರಲ್ಲಿ ಮುಖ್ಯವಾದ ಒಂದು ವಿಷಯ ಇದೆ, ಟಿಕೆಟ್ ತೆಗೆದುಕೊಳ್ಳುವವರು ಯಾರೂ ಅದನ್ನು ಯೋಚಿಸುವುದಿಲ್ಲ. ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ವರ್ಷಕ್ಕೆ ಕೆಲವೇ ದಿನ ಸರ್ಕಾರ ರಾತ್ರಿ 12ರವರೆಗೆ ಸಡಿಲ ಮಾಡಬಹುದು, ಅಷ್ಟೇ. ನಿಯಮ ಸರಿಯಾಗಿಯೇ ಇದೆ, ಸುತ್ತ ಮನೆಗಳಿವೆ, ವಯಸ್ಸಾದವರು ಇರುತ್ತಾರೆ. ಆದರೆ ಹತ್ತಕ್ಕೆ ನಿಲ್ಲಿಸಬೇಕು ಅಂತ ಗೊತ್ತಿದ್ದೂ ಎಂಟೂವರೆಗೆ ಶುರು ಮಾಡಿದರೆ, ಕಳೆದುಹೋದ ಸಮಯ ದುಡ್ಡು ಕೊಟ್ಟವರದ್ದು ಅಲ್ವಾ? ಜನ ಬಾಯಿಪಾಠ ಮಾಡಿಕೊಂಡು ಬಂದಿದ್ದ ಎಷ್ಟೋ ಹಾಡು ಹಾಡಲೇ ಇಲ್ಲ.

ಹಾಡಿದ್ದಾದರೂ ಹಾಡಿದರಾ ಅಂದರೆ, ಅದೂ ಪೂರ್ತಿ ಇಲ್ಲ. ವೇದಿಕೆ ಮೇಲೆ ಒಂದು ಡ್ರಮ್ಸ್, ಎರಡು ಗಿಟಾರು, ಒಂದು ಕೀಬೋರ್ಡ್. ಕೇಳಿಸುತ್ತಿದ್ದದ್ದು ಪಿಟೀಲುಗಳ ಹಿಂಡು, ಕೊಳಲು, ಹಿಂದೆ ದೊಡ್ಡ ಕೋರಸ್. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಜೊತೆ ಸೇರಿಸಿ ನುಡಿಸುವುದು ಈಗ ಮಾಮೂಲಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮುಖ್ಯ ಗಾಯಕನ ದನಿಯೂ ಟ್ರ್ಯಾಕಿನಿಂದಲೇ ಬರುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಅಕ್ಕನ ಮಗಳು. ‘ಮಾಮ, ಅವರು ಮೈಕ್ ಕೆಳಗೆ ಇಳಿಸಿದ್ದಾರೆ, ಹಾಡು ಬರ್ತಾನೇ ಇದೆ ನೋಡಿ’ ಅಂದಳು. ಆಮೇಲೆ ಅವಳ ಮುಖ ಸಣ್ಣಗಾಯಿತು. ಪಾಕೆಟ್ ಮನಿ ಕೂಡಿಟ್ಟು ಟಿಕೆಟ್ ತೆಗೆದಿದ್ದವಳು ಅವಳು, ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ.

ನಡುವೆ ಒಂದು ಸಲ ಟ್ರ್ಯಾಕ್ ಕೈಕೊಟ್ಟಿತು. ಪಿಟೀಲು, ಕೋರಸ್ ಎಲ್ಲ ಒಮ್ಮೆಲೇ ನಿಂತವು, ಗಾಯಕ ತಬ್ಬಿಬ್ಬಾದ. ಡ್ರಮ್ಸ್‌ನವನು ಮಾತ್ರ ತಾಳ ಬಿಡಲಿಲ್ಲ, ಗಿಟಾರಿನ ಹುಡುಗಿ ಅವನ ಕಡೆ ತಿರುಗಿ ಅದೇ ರಾಗವನ್ನು ಒಂಟಿಯಾಗಿ ನುಡಿಸಿದಳು, ಗಾಯಕ ಸ್ವಲ್ಪ ಹೊತ್ತಿಗೆ ನಿಜವಾಗಿ ಹಾಡತೊಡಗಿದ, ಶ್ರುತಿ ಸ್ವಲ್ಪ ಆಚೀಚೆ ಆದರೂ ಇಡೀ ಮೈದಾನ ಅವನ ಜೊತೆ ದನಿ ಸೇರಿಸಿತು. ಎಷ್ಟು ಚೆನ್ನಾಗಿತ್ತು ಗೊತ್ತಾ! ಅವರಿಗೆ ನುಡಿಸಲು ಬರುತ್ತದೆ. ಬರುತ್ತಿದ್ದೂ ನುಡಿಸಲಿಲ್ಲ ಅನ್ನುವುದೇ ನನ್ನ ದೂರು. ಮುಂದಿನ ಹಾಡಿಗೆ ಟ್ರ್ಯಾಕ್ ಸರಿಹೋಯಿತು, ಮತ್ತೆ ಅದೇ ಕಥೆ.

ಹೋಗುವುದೇ ಆದರೆ ಎಲ್ಲಿ ನಿಲ್ಲಬೇಕು ಅಂತ ತಿಳಿದಿರಿ. ವೇದಿಕೆಗೆ ಅಂಟಿಕೊಂಡ ಫ್ಯಾನ್ ಪಿಟ್ ಟಿಕೆಟ್ಟಿಗೆ ದುಬಾರಿ ದುಡ್ಡು ಕೊಡಬೇಡಿ. ಬಾಸ್ ಸ್ಪೀಕರ್‌ಗಳನ್ನು ಅಲ್ಲೇ ಮುಂದೆ ಜೋಡಿಸಿರುತ್ತಾರೆ, ಎದೆ ನಡುಗುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ. ತೀರಾ ಹಿಂದೆಯೂ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹಾಗಾಗಿ 100 ಮೀಟರ್ ದೂರದಲ್ಲಿ ನಿಂತವರಿಗೆ ಪರದೆ ಮೇಲಿನ ತುಟಿಗೂ ಕಿವಿಗೆ ಬೀಳುವ ದನಿಗೂ ತಾಳೆಯಾಗುವುದಿಲ್ಲ. ಮೈದಾನದ ಮಧ್ಯೆ ಸೌಂಡ್ ಮಿಕ್ಸರ್ ಇಟ್ಟ ಟೆಂಟ್ ಇರುತ್ತದೆ ನೋಡಿ, ಅದರ ಹತ್ತಿರ ನಿಲ್ಲಿ. ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ಕೇಳಿದ್ದನ್ನೇ ಸರಿಮಾಡುತ್ತಿರುತ್ತಾನೆ, ಆ ಸುತ್ತಮುತ್ತ ಕೇಳುವುದೇ ಎಲ್ಲಕ್ಕಿಂತ ಚೆನ್ನ. ನಾವು ಅಲ್ಲಿಗೆ ಸರಿದ ಮೇಲೆ ಪದಗಳಾದರೂ ಸ್ಪಷ್ಟವಾದವು.

ಟಿಕೆಟ್ ತೆಗೆಯುವ ಮೊದಲು ಬ್ಯಾಂಡಿನವರು ತಾವೇ ಹಾಕಿದ ವಿಡಿಯೋ ನೋಡಬೇಡಿ, ಹಿಂದಿನ ಶೋಗಳಲ್ಲಿ ಜನ ಫೋನಲ್ಲಿ ಹಿಡಿದದ್ದನ್ನು ನೋಡಿ. ಇನ್ನೂ ಒಂದು ಮಾತು, ನಿಜವಾದ ನುಡಿಸಾಣಿಕೆ ಕೇಳಬೇಕು ಅನ್ನುವವರಿಗೆ ಮೈಸೂರಿನಲ್ಲಿ ದುಡ್ಡೇ ಬೇಡದ ಜಾಗಗಳಿವೆ. ಗಣೇಶನ ಹಬ್ಬದ ಹೊತ್ತಿಗೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್‌ನಲ್ಲಿ ರಸ್ತೆಗೇ ಪೆಂಡಾಲ್ ಹಾಕಿ ದೊಡ್ಡ ವಿದ್ವಾಂಸರ ಕಛೇರಿ ನಡೆಸುತ್ತಾರೆ. ದಸರಾದಲ್ಲಿ ಅರಮನೆ ಮುಂದೆ ಕಛೇರಿ, ಪೊಲೀಸ್ ಬ್ಯಾಂಡ್ ಎರಡೂ ಸಿಗುತ್ತವೆ. ಪೊಲೀಸ್ ಬ್ಯಾಂಡಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ತಂಡವೂ ಇದೆ, ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ವಾಪಸ್ ಬರುವುದು ಕಷ್ಟದ ಭಾಗ. ಶೋ ಬಿಟ್ಟ ಮೇಲೆ ರಿಂಗ್ ರೋಡಿನಲ್ಲಿ ಸಿಟಿ ಬಸ್ ಕಾಣಲಿಲ್ಲ, ಆಟೋದವರು ಬಾಯಿಗೆ ಬಂದಷ್ಟು ಕೇಳಿದರು. ಹೋಗುವಾಗ ಬಂದ ಆಟೋದವರ ನಂಬರ್ ಇಸಿದುಕೊಂಡು ವಾಪಸ್ಸಿಗೂ ಮಾತಾಡಿಕೊಂಡಿರಿ. ಸಬರ್ಬನ್ ಬಸ್ ನಿಲ್ದಾಣಕ್ಕೆ ಬಂದರೆ ಬೆಂಗಳೂರು ಕಡೆಯ ಬಸ್ ರಾತ್ರಿಯೂ ಇರುತ್ತವೆ, ಆದರೆ ನಾನ್‌ಸ್ಟಾಪ್ ಬಸ್ ಬೈಪಾಸಿನಲ್ಲೇ ಹೊರಟುಹೋಗುತ್ತದೆ. ಹತ್ತುವ ಮುಂಚೆ ‘ಮಂಡ್ಯ ಒಳಗೆ ಹೋಗುತ್ತಾ’ ಅಂತ ಕಂಡಕ್ಟರನ್ನು ಕೇಳಿ. ಹೆಣ್ಣುಮಕ್ಕಳು ಆಧಾರ್ ಮರೆಯಬೇಡಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಾಮಾನ್ಯ ಬಸ್‌ನಲ್ಲಿ ಮಾತ್ರ ಸಿಗುತ್ತದೆ, ರಾಜಹಂಸ, ಎಸಿ ಬಸ್‌ಗಳಲ್ಲಿ ಇಲ್ಲ.